ವರ್ಚುವಲ್ ಲ್ಯಾಬ್‌ನಲ್ಲಿ ಬೆಳಕಿನ ಪ್ರತಿಫಲನ: "ಕಂಪ್ಯೂಟರ್‌ಗೆ ಮೊದಲೇ ಹೇಳಿಕೊಟ್ಟಿರುತ್ತಾರೆ ಅಲ್ವಾ ಮಿಸ್?" ಅಂದ ಹುಡುಗಿಗೆ ಏನು ಹೇಳಲಿ?

ವಿಜ್ಞಾನ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾನು ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಈ ಸಲ ಪ್ರತಿಫಲನದ ಪಾಠವನ್ನು ವರ್ಚುವಲ್ ಲ್ಯಾಬ್‌ನಲ್ಲಿ ಮಾಡಿಸಿದೆ. ಸ್ಕ್ರೀನ್ ಮೇಲೆ ಒಂದು ಲೇಸರ್, ಕೆಳಗೆ ಮಲಗಿಸಿದ ಸಮತಲ ದರ್ಪಣ, ಚುಕ್ಕೆ ಗೆರೆಯ ಲಂಬ (ಕನ್ನಡಿಗೆ 90 ಡಿಗ್ರಿಯಲ್ಲಿ ನಿಂತ ಗೆರೆ), ಮೇಲೆ ಕೂರಿಸಲು ಒಂದು ಕೋನಮಾಪಕ. ಲೇಸರ್ ಹಿಡಿದು ಎಳೆದರೆ ಪತನ ಕಿರಣ ತಿರುಗುತ್ತದೆ, ಜೊತೆಗೇ ಪ್ರತಿಫಲಿತ ಕಿರಣವೂ ತಿರುಗುತ್ತದೆ. ಮಕ್ಕಳು 20, 30, 45, 60 ಅಂತ ಕೋನ ಇಟ್ಟು ಅಳತೆ ಬರೆದರು. ಇಪ್ಪತ್ತು ನಿಮಿಷದಲ್ಲಿ ಎಲ್ಲರ ಪಟ್ಟಿಯೂ ತುಂಬಿತ್ತು, ಎಲ್ಲರದ್ದೂ ಸರಿ. ನನಗೆ ಖುಷಿಯಾಗಿತ್ತು.

ಆಗ ಹಿಂದಿನ ಬೆಂಚಿನ ಒಬ್ಬಳು ಎದ್ದು ಕೇಳಿದಳು. "ಮಿಸ್, ಇದು ಕಂಪ್ಯೂಟರ್ ಅಲ್ವಾ? ಎರಡು ಕೋನವೂ ಒಂದೇ ಬರಲಿ ಅಂತ ಅದಕ್ಕೆ ಮೊದಲೇ ಹೇಳಿಕೊಟ್ಟಿರುತ್ತಾರೆ. ಹಾಗಿದ್ದರೆ ನಾವು ಕಂಡುಹಿಡಿದಿದ್ದು ಏನು?"

"ನಿಜವಾದ ಕನ್ನಡಿಯಲ್ಲೂ ಹೀಗೇ ಬರುತ್ತದೆ" ಅಂದೆ. ತಲೆಯಾಡಿಸಿ ಕೂತಳು. ಆದರೆ ಅದು ಅವಳ ಪ್ರಶ್ನೆಗೆ ಉತ್ತರ ಅಲ್ಲ ಅಂತ ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು ಅನಿಸುತ್ತದೆ.

ಮರುದಿನ ಒಂದು ಸಣ್ಣ ಟೆಸ್ಟ್ ಕೊಟ್ಟೆ. ಕಿರಣ ಕನ್ನಡಿಯ ಮೈಗೆ 30 ಡಿಗ್ರಿ ಓರೆಯಾಗಿ ಬಂದರೆ ಪತನ ಕೋನ ಎಷ್ಟು ಅಂತ ಕೇಳಿದರೆ ಮುಕ್ಕಾಲು ಪಾಲು ಮಕ್ಕಳು 30 ಅಂತಲೇ ಬರೆದಿದ್ದರು (ಕೋನವನ್ನು ಲಂಬದಿಂದ ಅಳೆಯಬೇಕು, ಸರಿ ಉತ್ತರ 60). ಓರೆಯಾಗಿ ನಿಲ್ಲಿಸಿದ ಕನ್ನಡಿಯ ಚಿತ್ರ ಕೊಟ್ಟರೆ ಲಂಬವನ್ನು ಕನ್ನಡಿಗೆ ಎಳೆಯದೆ ಪುಟದ ಮೇಲಿನಿಂದ ಕೆಳಕ್ಕೆ ನೆಟ್ಟಗೆ ಎಳೆದಿದ್ದರು. ಪ್ರತಿಬಿಂಬ ಎಲ್ಲಿದೆ ಗುರುತು ಹಾಕಿ ಅಂದರೆ ಜಾಸ್ತಿ ಮಕ್ಕಳು ಕನ್ನಡಿಯ ಮೇಲೇ ಚುಕ್ಕೆ ಇಟ್ಟಿದ್ದರು. ಇವರೆಲ್ಲ ಹಿಂದಿನ ದಿನ ಪಟ್ಟಿಯಲ್ಲಿ ಎಲ್ಲವನ್ನೂ ಸರಿ ಬರೆದ ಮಕ್ಕಳೇ.

ನನ್ನ ಪ್ರಶ್ನೆ ಎರಡು. ಆ ಹುಡುಗಿಗೆ ಏನು ಹೇಳಬೇಕಿತ್ತು? ಮತ್ತು ಈ ವರ್ಚುವಲ್ ಪ್ರಯೋಗವನ್ನು ಇಟ್ಟುಕೊಂಡು ನಿಜವಾಗಿ ಕಲಿಸುವ ದಾರಿ ಇದೆಯಾ, ಇಲ್ಲ ಬಿಟ್ಟುಬಿಡಲಾ?

ಭೌತಶಾಸ್ತ್ರ ಮೇಷ್ಟ್ರು

ಮೇಡಂ, ಮೊದಲು ಆ ಹುಡುಗಿಗೆ "ನೀನು ಹೇಳಿದ್ದು ಸರಿ" ಅಂತ ಹೇಳಿ. ಅದು ಪೂರ್ತಿ ಸರಿ. ಪತನ ಕೋನ ಮತ್ತು ಪ್ರತಿಫಲನ ಕೋನ ಸಮ ಅನ್ನುವ ನಿಯಮವನ್ನು ಬರೆದೇ ಆ ಪ್ರೋಗ್ರಾಂ ಮಾಡಿರುತ್ತಾರೆ. ಅದರಿಂದ ಅದೇ ನಿಯಮವನ್ನು ಹೊರಗೆ ತೆಗೆದರೆ ಏನೂ ಸಾಬೀತಾಗುವುದಿಲ್ಲ. ನಾವೇ ಡಬ್ಬಿಯಲ್ಲಿ ಇಟ್ಟ ಪೆನ್ಸಿಲ್ಲನ್ನು ನಾವೇ ತೆಗೆದು ನೋಡಿದ ಹಾಗೆ.

ಹಾಗಂತ ವರ್ಚುವಲ್ ಲ್ಯಾಬ್ ಬೇಡ ಅಂತಲ್ಲ. ಕೆಲಸ ಹಂಚಿಕೊಡಬೇಕು. ನಿಯಮ ನಿಜವಾ ಅಂತ ಕೇಳಬೇಕಾದ್ದು ಕನ್ನಡಿಯನ್ನು. ನಿಯಮ ನಿಜ ಅಂತಾದ ಮೇಲೆ ಅದರಿಂದ ಏನೇನು ಆಗುತ್ತದೆ ಅಂತ ಕಂಪ್ಯೂಟರ್‌ನಲ್ಲಿ ನೋಡಬೇಕು. ನೂರು ಕಿರಣ ಒಟ್ಟಿಗೆ ಬಿಟ್ಟರೆ ಏನಾಗುತ್ತದೆ, ಕನ್ನಡಿಯನ್ನು ನೂರು ತುಂಡು ಮಾಡಿ ಒಂದೊಂದನ್ನು ಒಂದೊಂದು ಕಡೆ ತಿರುಗಿಸಿದರೆ ಏನಾಗುತ್ತದೆ, ಇಂಥದ್ದನ್ನು ಕೈಯಲ್ಲಿ ಮಾಡಲು ಆಗುವುದಿಲ್ಲ. ಸ್ಕ್ರೀನ್ ಮೇಲೆ ಕ್ಷಣದಲ್ಲಿ ಆಗುತ್ತದೆ. ನೀವು ಮಾಡಿಸಿದ್ದು ಉಲ್ಟಾ ಆಗಿದೆ, ಅಷ್ಟೇ.

ನಾನು ಮೊದಲ ದಿನ ಗುಂಡುಪಿನ್ ಪ್ರಯೋಗ ಮಾಡಿಸುತ್ತೇನೆ. ಹಳೆಯದು, ಆದರೆ ಅದಕ್ಕೆ ಸಮ ಇನ್ನೊಂದಿಲ್ಲ. ಹಾಳೆಯ ಮೇಲೆ ಗೆರೆ, ಗೆರೆಯ ಮೇಲೆ ನಿಂತ ಕನ್ನಡಿ, ಮುಂದೆ ಓರೆಯಾಗಿ ಎರಡು ಪಿನ್. ಇನ್ನೊಂದು ಪಕ್ಕದಿಂದ ಒಂದು ಕಣ್ಣು ಮುಚ್ಚಿ ನೋಡಿ, ಒಳಗೆ ಕಾಣುವ ಎರಡು ಪಿನ್‌ಗಳ ಸಾಲಿಗೇ ಬರುವಂತೆ ಇನ್ನೆರಡು ಪಿನ್ ಚುಚ್ಚಬೇಕು. ಇಲ್ಲಿ ಮಗು ತನ್ನ ಕಣ್ಣನ್ನು ಕಿರಣದ ದಾರಿಯಲ್ಲೇ ಇಡಬೇಕಾಗುತ್ತದೆ. ಸ್ಕ್ರೀನ್ ಮೇಲೆ ಇರದೇ ಇರುವುದು ಇದೇ. ಅಲ್ಲಿ ಕಿರಣವನ್ನು ಮಗು ಪಕ್ಕದಿಂದ ನೋಡುತ್ತದೆ, ಗೋಡೆಯ ಮೇಲಿನ ಚಿತ್ರ ನೋಡಿದ ಹಾಗೆ. ಕಣ್ಣಿಗೆ ಅಲ್ಲಿ ಜಾಗವೇ ಇಲ್ಲ. ಪ್ರತಿಬಿಂಬ ಕನ್ನಡಿಯ ಮೇಲಿದೆ ಅಂತ ಮಕ್ಕಳು ಬರೆಯುವುದು ಇದರಿಂದಲೇ ಅಂತ ನನಗೆ ಅನಿಸುತ್ತದೆ.

ಅಳತೆ ಸರಿಯಾಗಿ ಬರುವುದಿಲ್ಲ, ಬರಬಾರದು ಕೂಡ. 30 ಇಟ್ಟರೆ ಒಬ್ಬನಿಗೆ 29, ಒಬ್ಬಳಿಗೆ 31, ಇನ್ನೊಬ್ಬನಿಗೆ 33. ಎಲ್ಲವನ್ನೂ ಬೋರ್ಡ್ ಮೇಲೆ ಬರೆಸಿ. 33 ಬಂದವನ ಹಾಳೆಯನ್ನು ಎಲ್ಲರೂ ಸೇರಿ ನೋಡಿ. ಸಾಮಾನ್ಯವಾಗಿ ಎರಡು ಪಿನ್ ತುಂಬಾ ಹತ್ತಿರ ಚುಚ್ಚಿರುತ್ತಾನೆ. ಪಿನ್‌ಗಳ ನಡುವೆ 2 ಸೆಂ.ಮೀ. ಅಂತರ ಇದ್ದು ಒಂದು ಪಿನ್ 1 ಮಿ.ಮೀ. ಆಚೀಚೆ ಆದರೆ ಕೋನ ಹತ್ತಿರ ಹತ್ತಿರ 3 ಡಿಗ್ರಿ ತಪ್ಪುತ್ತದೆ. ಅದೇ 5 ಸೆಂ.ಮೀ. ಇದ್ದರೆ ತಪ್ಪು ಒಂದು ಡಿಗ್ರಿ ಚಿಲ್ಲರೆ. ಇದನ್ನು ಮಕ್ಕಳೇ ಕಂಡುಕೊಂಡರೆ ಆ ದಿನ ಸಾರ್ಥಕ.

ಇನ್ನೊಂದು ತೊಡಕು ಬರುತ್ತದೆ, ಮೊದಲೇ ಗೊತ್ತಿರಲಿ. ನಮ್ಮ ಮಾಮೂಲಿ ಕನ್ನಡಿಯಲ್ಲಿ ಬೆಳ್ಳಿಯ ಲೇಪ ಇರುವುದು ಗಾಜಿನ ಹಿಂದೆ. ಬೆಳಕು ಗಾಜಿನೊಳಗೆ ಬಾಗಿ ಹೋಗಿ, ಹಿಂದೆ ಬಡಿದು, ಮತ್ತೆ ಬಾಗಿ ಹೊರಗೆ ಬರುತ್ತದೆ. ಹಾಗಾಗಿ ಪಿನ್‌ಗಳನ್ನು ಸೇರಿಸಿ ಎಳೆದ ಎರಡು ಗೆರೆಗಳು ಗಾಜಿನ ಮುಂದಿನ ಮೈಯಲ್ಲೂ ಸೇರುವುದಿಲ್ಲ, ಹಿಂದಿನ ಮೈಯಲ್ಲೂ ಸೇರುವುದಿಲ್ಲ. 4 ಮಿ.ಮೀ. ದಪ್ಪದ ಗಾಜಾದರೆ ಮುಂದಿನ ಮೈಯಿಂದ ಸುಮಾರು ಎರಡೂವರೆ ಮಿ.ಮೀ. ಒಳಗೆ ಎಲ್ಲೋ ಸೇರುತ್ತವೆ. ಮಕ್ಕಳು ತಪ್ಪಾಯಿತು ಅಂತ ಗೆರೆ ಅಳಿಸಿ ಮತ್ತೆ ಎಳೆಯುತ್ತಾರೆ, ಅಳಿಸಲು ಬಿಡಬೇಡಿ. ಕೋನ ಇದರಿಂದ ಕೆಡುವುದಿಲ್ಲ, ಕಿರಣ ಪಕ್ಕಕ್ಕೆ ಸರಿಯುತ್ತದೆ ಅಷ್ಟೇ.

ಇಷ್ಟು ಆದ ಮೇಲೆ ವರ್ಚುವಲ್ ಲ್ಯಾಬ್ ತೆರೆಯಿರಿ. ಆಗ ಅಲ್ಲಿ ಎರಡು ಕೋನ ಕರಾರುವಾಕ್ಕಾಗಿ ಒಂದೇ ಬಂದರೆ ಮಕ್ಕಳಿಗೆ ಅದು ಏನು ಅಂತ ಅರ್ಥವಾಗಿರುತ್ತದೆ.

ಕೋಡ್ ಬರೆಯುವವನು

ನಾನು ಟೀಚರ್ ಅಲ್ಲ, ಇಂಥ ಸಿಮ್ಯುಲೇಶನ್‌ಗಳಿಗೆ ಕೋಡ್ ಬರೆಯುವವನು. ಆ ಹುಡುಗಿಗೆ ಒಳಗೆ ಏನಿದೆ ಅಂತಲೇ ತೋರಿಸಬಹುದು. ಒಂದೇ ಸಾಲಿನ ವಿಷಯ ಅದು. ಕಿರಣದ ದಿಕ್ಕನ್ನು ಎರಡು ಭಾಗ ಮಾಡುತ್ತೇವೆ. ಕನ್ನಡಿಯ ಉದ್ದಕ್ಕೂ ಹೋಗುವ ಭಾಗ ಒಂದು, ಕನ್ನಡಿಗೆ ನೇರವಾಗಿ ನುಗ್ಗುವ ಭಾಗ ಒಂದು. ಮೊದಲನೆಯದನ್ನು ಹಾಗೇ ಬಿಡು, ಎರಡನೆಯದನ್ನು ತಿರುಗಿಸು. ಮುಗಿಯಿತು. ಎರಡು ಕೋನ ಸಮ ಇರಲಿ ಅಂತ ಎಲ್ಲೂ ಬರೆದಿರುವುದಿಲ್ಲ, ಅದು ತಾನಾಗೇ ಬರುತ್ತದೆ. ಆದರೂ ಅವಳ ಮಾತೇ ಸರಿ, ಯಾಕೆಂದರೆ ಈ ಸಾಲು ಅದೇ ನಿಯಮವನ್ನು ಬೇರೆ ಮಾತಿನಲ್ಲಿ ಹೇಳಿದ್ದು.

ಆದರೆ ನಿಯಮವನ್ನು ಒಳಗೆ ಹಾಕದೆಯೇ ನಿಯಮ ಹೊರಗೆ ಬರುವ ಒಂದು ವರ್ಚುವಲ್ ಪ್ರಯೋಗ ಇದೆ. ಇದನ್ನು ಮಾಡಿ ನೋಡಿ ಮೇಡಂ, ಆ ಹುಡುಗಿಗೆ ಹೇಳಿ ಮಾಡಿಸಿದಂತಿದೆ.

ಜಿಯೋಜೀಬ್ರಾ ತೆರೆಯಿರಿ, ಬಿಂದು, ಗೆರೆ ಎಳೆದು ಅಳೆಯುವ ಗಣಿತದ ಸಾಫ್ಟ್‌ವೇರ್ ಅದು, ಪುಕ್ಕಟೆ ಸಿಗುತ್ತದೆ. ಅಡ್ಡ ಅಕ್ಷವೇ ಕನ್ನಡಿ. ಎ ಅನ್ನುವ ಬಿಂದುವನ್ನು (0, 2) ರಲ್ಲಿ ಇಡಿ, ಬಿ ಅನ್ನುವುದನ್ನು (6, 6) ರಲ್ಲಿ. ಎ ಅಂದರೆ ದೀಪ, ಬಿ ಅಂದರೆ ಕಣ್ಣು. ಕನ್ನಡಿಯ ಮೇಲೆ ಮಾತ್ರ ಓಡಾಡುವ ಪಿ ಅನ್ನುವ ಬಿಂದು ಒಂದು. ಎ ಯಿಂದ ಪಿ, ಪಿ ಯಿಂದ ಬಿ, ಎರಡು ಗೆರೆ ಎಳೆದು ಎರಡರ ಉದ್ದದ ಮೊತ್ತ ಮಾತ್ರ ಸ್ಕ್ರೀನ್ ಮೇಲೆ ತೋರಿಸಿ. ಕೋನ ತೋರಿಸಬೇಡಿ. "ಪಿ ಯನ್ನು ಎಳೆದಾಡಿ ದಾರಿ ಎಲ್ಲಕ್ಕಿಂತ ಕಡಿಮೆ ಆಗುವ ಜಾಗ ಹುಡುಕಿ" ಅಂತ ಅಷ್ಟೇ ಹೇಳಿ.

ಮಕ್ಕಳು ಮೊದಲು ಪಿ ಯನ್ನು ಸರಿಯಾಗಿ ಮಧ್ಯಕ್ಕೆ, ಅಂದರೆ 3 ಕ್ಕೆ ಇಡುತ್ತಾರೆ. ಮೊತ್ತ 10.31 ಬರುತ್ತದೆ. ಪಿ ಯನ್ನು ಎ ಯ ಕೆಳಗೇ ತಂದರೆ 10.49. ಎಡಕ್ಕೆ ಬಲಕ್ಕೆ ಎಳೆಯುತ್ತಾ ಹೋದರೆ ಪಿ 1.5 ರಲ್ಲಿ ಇರುವಾಗ ಸರಿಯಾಗಿ 10 ಆಗಿ ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಈಗ ಲಂಬ ಎಳೆದು ಕೋನ ತೋರಿಸಿ. ಎರಡೂ 36.9 ಡಿಗ್ರಿ. ಕೋನದ ಬಗ್ಗೆ ನಾವು ಒಂದು ಮಾತೂ ಹೇಳಿಕೊಟ್ಟಿರಲಿಲ್ಲ, ಉದ್ದ ಮಾತ್ರ ಅಳೆದೆವು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಅಲೆಕ್ಸಾಂಡ್ರಿಯಾದ ಹೀರೋ ಅನ್ನುವವನು ಹೇಳಿದ್ದು ಇದನ್ನೇ, ಕನ್ನಡಿಗೆ ಬಡಿದು ಬರುವ ಬೆಳಕು ಹಿಡಿಯುವುದು ಅತಿ ಹತ್ತಿರದ ದಾರಿ ಅಂತ.

ಜೊತೆಗೆ ಒಂದು ಕೆಲಸ ಮಾಡಿ. ಎ ಯ ಪ್ರತಿಬಿಂಬವನ್ನು ಕನ್ನಡಿಯ ಆಚೆ (0, -2) ರಲ್ಲಿ ಇಟ್ಟು, ಅಲ್ಲಿಂದ ಬಿ ಗೆ ಸೀದಾ ಗೆರೆ ಎಳೆಯಿರಿ. ಅದು ಕನ್ನಡಿಯನ್ನು ದಾಟುವ ಜಾಗವೇ ಪಿ. ಕಣ್ಣಿಗೆ ಬೆಳಕು ಅಲ್ಲಿಂದ ಬಂದ ಹಾಗೆ ಯಾಕೆ ಕಾಣುತ್ತದೆ ಅಂತ ಬೇರೆ ವಿವರಣೆ ಬೇಕಾಗುವುದಿಲ್ಲ.

ವಿಜ್ಞಾನ ಟೀಚರ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಜಿಯೋಜೀಬ್ರಾದಲ್ಲಿ ಈಗಷ್ಟೇ ಮಾಡಿ ನೋಡಿದೆ, 10 ಬಂದಾಗ ನನಗೇ ಮೈ ಜುಮ್ ಅಂದಿತು. ಇಷ್ಟು ವರ್ಷ ಈ ಪಾಠ ಮಾಡಿದ್ದೇನೆ, ಇದನ್ನು ಹೀಗೆ ನೋಡಿರಲಿಲ್ಲ.

ಒಂದು ಕಷ್ಟ ಇದೆ. ಕಂಪ್ಯೂಟರ್ ಕೋಣೆ ನಮಗೆ ವಾರಕ್ಕೆ ಒಂದೇ ಸಲ ಸಿಗುತ್ತದೆ. ಉಳಿದ ದಿನ ಕ್ಲಾಸಿನಲ್ಲಿ ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್, 40 ನಿಮಿಷ. ಎಲ್ಲರ ಕೈಗೂ ಮೌಸ್ ಸಿಗುವುದಿಲ್ಲ. ನಾನೇ ಎಳೆದು ತೋರಿಸಿದರೆ ಅದು ಸಿನಿಮಾ ನೋಡಿದ ಹಾಗೆ ಆಗುತ್ತದೆ. ಅದಕ್ಕೆ ಏನು ಮಾಡುತ್ತೀರಿ?

ಒಂದೇ ಪ್ರೊಜೆಕ್ಟರ್‌ನ ಟೀಚರ್

ಮೇಡಂ, ನನ್ನ ಕ್ಲಾಸೂ ಹೀಗೇ. ನನ್ನ ಅನುಭವದಲ್ಲಿ ಒಂದೇ ಸ್ಕ್ರೀನ್ ಇರುವುದು ಅಂಥ ತೊಂದರೆ ಅಲ್ಲ, ಕೆಲವು ಸಲ ಅದೇ ಒಳ್ಳೆಯದು. ಎಲ್ಲರೂ ಒಂದೇ ಕಡೆ ನೋಡುತ್ತಾರೆ, ವಾದ ಮಾಡುತ್ತಾರೆ.

ಗುಟ್ಟು ಇಷ್ಟೇ, ಲೇಸರ್ ಆಫ್ ಮಾಡಿ ಶುರು ಮಾಡಿ. ಫೆಟ್ ಅನ್ನುವ ವಿಜ್ಞಾನ ಸಿಮ್ಯುಲೇಶನ್ ವೆಬ್‌ಸೈಟಿನ ಬೆಳಕು ಬಾಗುವ ಸಿಮ್ಯುಲೇಶನ್‌ನಲ್ಲಿ ಲೇಸರ್ ಮೇಲೆ ಒಂದು ಕೆಂಪು ಬಟನ್ ಇದೆ, ಒತ್ತುವವರೆಗೆ ಬೆಳಕು ಬರುವುದಿಲ್ಲ. ಅದು ವಕ್ರೀಭವನಕ್ಕೆ ಮಾಡಿದ್ದು, ಆದರೆ ನೀರಿನ ಮೇಲಿಂದ ವಾಪಸ್ ಬರುವ ಕಿರಣವನ್ನೂ ತೋರಿಸುತ್ತದೆ. ಬೆಳಕು ವಾಪಸ್ ಬರಲು ಕನ್ನಡಿಯೇ ಬೇಕು ಅಂದುಕೊಂಡ ಮಕ್ಕಳಿಗೆ ನೀರು, ಗಾಜು ಕೂಡ ಸ್ವಲ್ಪ ಬೆಳಕನ್ನು ವಾಪಸ್ ಕಳಿಸುತ್ತವೆ, ಅದೂ ಇದೇ ಕೋನದಲ್ಲಿ ಅಂತ ತೋರಿಸಲು ನಾನು ಅದನ್ನೇ ಬಳಸುತ್ತೇನೆ. ಲೇಸರ್ ಇಟ್ಟು, ಬಟನ್ ಒತ್ತುವ ಮೊದಲು ಇಬ್ಬರು ಮಕ್ಕಳನ್ನು ಕರೆಯಿರಿ. ಪ್ರೊಜೆಕ್ಟರ್ ಬೋರ್ಡ್ ಮೇಲೇ ಬೀಳುತ್ತಿರಲಿ. ಒಬ್ಬಳು ದಾರದ ಒಂದು ತುದಿಯನ್ನು ಬೆಳಕು ಬಡಿಯುವ ಜಾಗದಲ್ಲಿ ಹಿಡಿಯಲಿ, ಇನ್ನೊಬ್ಬ ಇನ್ನೊಂದು ತುದಿಯನ್ನು ಎಳೆದು ಕಿರಣ ಎಲ್ಲಿಗೆ ಹೋಗುತ್ತದೆ ಅಂತ ತೋರಿಸಲಿ. ಕ್ಲಾಸ್ ಒಪ್ಪದಿದ್ದರೆ ಕೂಗುತ್ತಾರೆ, ಮೇಲೆ ಕೆಳಗೆ ಅಂತ. ಚಾಕ್‌ನಲ್ಲಿ ಗೆರೆ ಎಳೆಸಿ. ಆಮೇಲೆ ಬಟನ್. ಆ ಎರಡು ಕ್ಷಣದ ಮೌನ ಇದೆಯಲ್ಲ, ಕಲಿಕೆ ಆಗುವುದು ಅಲ್ಲೇ.

ಕೋನಮಾಪಕವನ್ನು ಕೊನೆಯವರೆಗೂ ಹೊರಗೆ ತರಬೇಡಿ. ಮೊದಲು ತಂದರೆ ಮಕ್ಕಳು ಕಿರಣ ನೋಡುವುದು ಬಿಟ್ಟು ಅಂಕಿ ಮಾತ್ರ ನೋಡುತ್ತಾರೆ.

ಲಂಬದ ತಪ್ಪು ನೀವು ಬರೆದ ಹಾಗೇ ನನಗೂ ಆಗುತ್ತಿತ್ತು. ಕಾರಣ ಸ್ಕ್ರೀನ್‌ನಲ್ಲೇ ಇದೆ. ಅಲ್ಲಿ ಕನ್ನಡಿ ಯಾವಾಗಲೂ ಮಲಗಿರುತ್ತದೆ, ಹಾಗಾಗಿ ಲಂಬ ಯಾವಾಗಲೂ ನೆಟ್ಟಗೆ ನಿಂತಿರುತ್ತದೆ. ಲಂಬ ಅಂದರೆ ಮೇಲಿನಿಂದ ಕೆಳಕ್ಕೆ ಅಂತಲೇ ಮಕ್ಕಳ ತಲೆಯಲ್ಲಿ ಕೂರುತ್ತದೆ. ಕನ್ನಡಿ ತಿರುಗಿಸಲು ಆಗುವ ಸಿಮ್ಯುಲೇಶನ್ ಹುಡುಕಿ. ರೇ ಆಪ್ಟಿಕ್ಸ್ ಸಿಮ್ಯುಲೇಶನ್ ಅಂತ ಒಂದು ಇದೆ, ಬ್ರೌಸರ್‌ನಲ್ಲೇ ನಡೆಯುತ್ತದೆ, ಹಣ ಕೊಡಬೇಕಿಲ್ಲ, ಕನ್ನಡಿಯ ಎರಡು ತುದಿಯನ್ನೂ ಎಲ್ಲಿ ಬೇಕಾದರೂ ಎಳೆಯಬಹುದು. ಕಿರಣವನ್ನು ಅಲುಗಾಡಿಸದೆ ಕನ್ನಡಿಯನ್ನು ಮಾತ್ರ 10 ಡಿಗ್ರಿ ತಿರುಗಿಸಿ, ವಾಪಸ್ ಬರುವ ಕಿರಣ ಎಷ್ಟು ತಿರುಗುತ್ತದೆ ಅಂತ ಕೇಳಿ. ಎಲ್ಲರೂ 10 ಅನ್ನುತ್ತಾರೆ. ತಿರುಗುವುದು 20. ಕನ್ನಡಿ 10 ತಿರುಗಿದರೆ ಲಂಬವೂ 10 ತಿರುಗುತ್ತದೆ, ಪತನ ಕೋನ 10 ಬದಲಾಗುತ್ತದೆ, ಪ್ರತಿಫಲನ ಕೋನವೂ ಅಷ್ಟೇ ಬದಲಾಗುತ್ತದೆ, ಎರಡೂ ಸೇರಿ 20. ಇದನ್ನು ಬೆರಳು ಮಡಚಿ ಲೆಕ್ಕ ಹಾಕಿ ಒಪ್ಪಿಕೊಂಡ ಮಗು ಲಂಬವನ್ನು ಮತ್ತೆ ತಪ್ಪು ಎಳೆಯುವುದಿಲ್ಲ. ಹಡಗಿನವರು ಸೂರ್ಯ, ನಕ್ಷತ್ರಗಳ ಎತ್ತರ ಅಳೆಯುತ್ತಿದ್ದ ಸೆಕ್ಸ್‌ಟಂಟ್ ಇದರ ಮೇಲೇ ನಿಂತಿದೆ. ಅದರ ಕಮಾನು ಇರುವುದು 60 ಡಿಗ್ರಿ, ಆದರೆ ಅಳೆಯುವುದು 120 ರವರೆಗೆ.

ಇನ್ನು ಪ್ರತಿಬಿಂಬ. ಇದಕ್ಕೆ ಮಾತ್ರ ದಯವಿಟ್ಟು ಕಂಪ್ಯೂಟರ್‌ನಿಂದ ಶುರು ಮಾಡಬೇಡಿ. ಒಂದು ದೊಡ್ಡ ಕನ್ನಡಿ, ಒಂದು ವೈಟ್‌ಬೋರ್ಡ್ ಮಾರ್ಕರ್ ಸಾಕು. ಒಂದು ಮಗುವನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿಕೊಂಡು, ತಲೆ ಅಲುಗಾಡಿಸದೆ, ಕನ್ನಡಿಯಲ್ಲಿ ಕಾಣುವ ತನ್ನ ಮುಖದ ಸುತ್ತ ಗೆರೆ ಎಳೆಯಲು ಹೇಳಿ. ನೆತ್ತಿಗೆ ಒಂದು ಗುರುತು, ಗಲ್ಲಕ್ಕೆ ಒಂದು ಗುರುತು, ಸುತ್ತ ಒಂದು ಗೆರೆ. ಮಗು ಪಕ್ಕಕ್ಕೆ ಸರಿದ ಮೇಲೆ ನೋಡಿ, ಗಾಜಿನ ಮೇಲೆ ಉಳಿಯುವುದು ಒಂದು ಸಣ್ಣ ಮೊಟ್ಟೆಯಾಕಾರ. ಅಳೆದರೆ 11 ಸೆಂ.ಮೀ. ಇರಬಹುದು, ಮುಖ ಅಳೆದರೆ 22. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಮೂರು ಸಲ ಅಳೆದ, ನಂಬಲಿಲ್ಲ, ಸ್ಕೇಲ್ ತಪ್ಪಿದೆ ಅಂತ ಪಕ್ಕದವನ ಸ್ಕೇಲ್ ತಂದು ಮತ್ತೆ ಅಳೆದ. "ಈಗ ನಾಲ್ಕು ಹೆಜ್ಜೆ ಹಿಂದೆ ಹೋಗಿ ಅದೇ ಕಣ್ಣಲ್ಲಿ ನೋಡು, ಮುಖ ಗೆರೆಯೊಳಗೆ ಚಿಕ್ಕದಾಗಿ ಕೂರುತ್ತದಾ?" ಅಂದೆ. ಹಿಂದೆ ಹೋದ. ಮುಖ ಆ ಗೆರೆಯೊಳಗೆ ಮೊದಲಿನ ಹಾಗೇ ಸರಿಯಾಗಿ ಕೂತಿತ್ತು. ಅವನ ಬಾಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಇದಾದ ಮೇಲೆ ಸ್ಕ್ರೀನ್‌ಗೆ ಬನ್ನಿ. ನೆತ್ತಿ, ಕಣ್ಣು, ಗಲ್ಲ ಮೂರು ಬಿಂದು ಇಟ್ಟು, ನೆತ್ತಿಯಿಂದ ಕಣ್ಣಿಗೆ ಬರುವ ಕಿರಣ ಕನ್ನಡಿಯನ್ನು ಎಲ್ಲಿ ಮುಟ್ಟುತ್ತದೆ ಅಂತ ಎಳೆಸಿ. ನೆತ್ತಿಗೂ ಕಣ್ಣಿಗೂ ನಡುಮಧ್ಯದ ಎತ್ತರದಲ್ಲಿ ಮುಟ್ಟುತ್ತದೆ. ಗಲ್ಲಕ್ಕೂ ಹಾಗೇ. ಅದಕ್ಕೇ ಅರ್ಧ. ಮಗುವನ್ನು ಸ್ಕ್ರೀನ್ ಮೇಲೆ ಹಿಂದೆ ಎಳೆದರೆ ಕಿರಣಗಳ ಓರೆ ಬದಲಾಗುತ್ತದೆ, ಮುಟ್ಟುವ ಜಾಗ ಬದಲಾಗುವುದಿಲ್ಲ. ಪೂರ್ತಿ ಮೈ ಕಾಣಲು ನಮ್ಮ ಎತ್ತರದ ಅರ್ಧದಷ್ಟು ಕನ್ನಡಿ ಸಾಕು, ಸರಿಯಾದ ಎತ್ತರಕ್ಕೆ ತೂಗುಹಾಕಿದ್ದರೆ. ಇಲ್ಲಿ ವರ್ಚುವಲ್ ಲ್ಯಾಬ್ ಅಂಕ ಕೊಡಲು ಬಂದದ್ದಲ್ಲ, ಆಗಲೇ ತಲೆ ಕೆಡಿಸಿದ ಒಂದು ವಿಷಯವನ್ನು ಬಿಡಿಸಲು ಬಂದದ್ದು. ಮಕ್ಕಳು ಅದನ್ನು ನೋಡುವ ರೀತಿಯೇ ಬೇರೆ ಇರುತ್ತದೆ.

ಲ್ಯಾಬ್ ಅಸಿಸ್ಟೆಂಟ್

ನನ್ನದು ಬೇರೆ ಅಭಿಪ್ರಾಯ. ಇಷ್ಟೆಲ್ಲ ಸಿಮ್ಯುಲೇಶನ್ ಯಾಕೆ? ಒಂದು ಟಾರ್ಚ್, ಒಂದು ಬಾಚಣಿಗೆ, ಒಂದು ಕನ್ನಡಿ, ಒಂದು ಬಿಳಿ ಹಾಳೆ. ಬಾಚಣಿಗೆಯ ಹಿಂದೆ ಟಾರ್ಚ್ ಹಿಡಿದರೆ ಹಾಳೆಯ ಮೇಲೆ ಸಾಲು ಸಾಲು ಕಿರಣ ಬೀಳುತ್ತವೆ, ಕನ್ನಡಿ ಇಟ್ಟರೆ ಸಾಲಾಗಿ ವಾಪಸ್ ಬರುತ್ತವೆ. ಕನ್ನಡಿಯನ್ನು ಮಗು ಕೈಯಲ್ಲೇ ತಿರುಗಿಸುತ್ತದೆ. ಸ್ಕ್ರೀನ್ ಮೇಲೆ ನೋಡಿದ್ದು ಕೈಗೆ ಬರುವುದಿಲ್ಲ.

ಇನ್ನೊಂದು ವಿಷಯ. ಸಿಮ್ಯುಲೇಶನ್‌ನಲ್ಲಿ ಕಿರಣ ಗಾಳಿಯಲ್ಲೇ ಕೆಂಪು ಗೆರೆಯಾಗಿ ಕಾಣುತ್ತದೆ. ನಿಜವಾಗಿ ಹಾಗೆ ಕಾಣುವುದೇ ಇಲ್ಲ. ಶುದ್ಧ ಗಾಳಿಯಲ್ಲಿ ಹೋಗುವ ಲೇಸರ್ ಪಕ್ಕದಲ್ಲಿ ನಿಂತವನಿಗೆ ಕಾಣುವುದಿಲ್ಲ, ಬಡಿದ ಜಾಗದಲ್ಲಿ ಚುಕ್ಕೆ ಮಾತ್ರ ಕಾಣುತ್ತದೆ. ಡಸ್ಟರ್ ಬಡಿದು ಚಾಕ್ ಪುಡಿ ಎಬ್ಬಿಸಿದರೆ ಆಗ ಗೆರೆ ಕಾಣುತ್ತದೆ, ಯಾಕೆಂದರೆ ಪುಡಿಯಿಂದ ಚದುರಿದ ಬೆಳಕು ನಮ್ಮ ಕಣ್ಣಿಗೆ ಬರುತ್ತದೆ. ಕಣ್ಣಿಗೆ ಬಂದ ಬೆಳಕು ಮಾತ್ರ ಕಾಣುತ್ತದೆ ಅನ್ನುವ ಮೂಲ ಮಾತನ್ನೇ ಸ್ಕ್ರೀನ್ ಮರೆಸುತ್ತದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಹಾಗೇ ಒಂದು ಎಚ್ಚರಿಕೆ. ನಿಜವಾದ ಲೇಸರ್ ಬಳಸುವುದಾದರೆ ಮಕ್ಕಳ ಕೈಗೆ ಕೊಡಬೇಡಿ. ಕನ್ನಡಿಯಿಂದ ವಾಪಸ್ ಬಂದ ಲೇಸರ್ ಕೂಡ ಕಣ್ಣಿಗೆ ಅಷ್ಟೇ ಅಪಾಯ, ಅದು ಎಲ್ಲಿಗೆ ತಿರುಗುತ್ತದೆ ಅಂತ ಹೇಳಲು ಬರುವುದಿಲ್ಲ. ಟಾರ್ಚೇ ಸಾಕು.

ಭೌತಶಾಸ್ತ್ರ ಮೇಷ್ಟ್ರು

ಗಾಳಿಯಲ್ಲಿ ಕಿರಣ ಕಾಣುವುದಿಲ್ಲ ಅಂತ ನೀವು ಹೇಳಿದ್ದನ್ನು ನಾನೂ ಒಪ್ಪುತ್ತೇನೆ. ಅದನ್ನು ಕ್ಲಾಸಿನಲ್ಲಿ ಬಾಯಿಬಿಟ್ಟು ಹೇಳಲೇಬೇಕು. ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕಾಲದಲ್ಲಿ ದೊಡ್ಡ ದೊಡ್ಡವರೇ ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಅಂದುಕೊಂಡಿದ್ದರು. ಆದರೂ ಕನ್ನಡಿಯ ನಿಯಮ ಅವರಿಗೆ ಸರಿಯಾಗಿಯೇ ಸಿಕ್ಕಿತ್ತು, ಯಾಕೆಂದರೆ ದಾರಿ ಎರಡೂ ಕಡೆಯಿಂದ ಒಂದೇ. ಬೆಳಕು ಹೊರಗಿಂದ ಕಣ್ಣಿಗೆ ಬರುತ್ತದೆ ಅಂತ ಗಟ್ಟಿಯಾಗಿ ವಾದಿಸಿದ್ದು ಸುಮಾರು ಸಾವಿರ ವರ್ಷದ ಹಿಂದೆ ಅರಬ್ ವಿಜ್ಞಾನಿ ಇಬ್ನ್ ಅಲ್ ಹೈತಮ್. ಹಾಗಾಗಿ ನಮ್ಮ ಮಕ್ಕಳು ಕೋನ ಸರಿ ಬರೆದೂ ಕಣ್ಣಿನ ವಿಷಯದಲ್ಲಿ ತಪ್ಪಿದ್ದರೆ ಅದರಲ್ಲಿ ಆಶ್ಚರ್ಯ ಇಲ್ಲ.

ಆದರೆ ಒರಟು ಮೈಯ ವಿಷಯ ಬಂದಾಗ ಟಾರ್ಚ್ ಒಂದೇ ಸಾಲದು. ಕತ್ತಲು ಕೋಣೆಯಲ್ಲಿ ಬಿಳಿ ಹಾಳೆಯ ಮೇಲೆ ಒಂದು ಕನ್ನಡಿ ಮಲಗಿಸಿ ಮೇಲಿಂದ ಟಾರ್ಚ್ ಬಿಡಿ, ಪಕ್ಕದಿಂದ ನೋಡುವಾಗ ಯಾವುದು ಹೊಳೆಯುತ್ತದೆ ಅಂತ ಮೊದಲೇ ಕೇಳಿ. ಕನ್ನಡಿ ಅಂತಲೇ ಎಲ್ಲರೂ ಹೇಳುತ್ತಾರೆ. ಹಾಳೆ ಬೆಳ್ಳಗೆ ಹೊಳೆಯುತ್ತದೆ, ಕನ್ನಡಿ ಕಪ್ಪಗೆ ಕಾಣುತ್ತದೆ. ಯಾಕೆ ಅಂತ ತೋರಿಸಲು ಸ್ಕ್ರೀನ್ ಬೇಕು. ಸಣ್ಣ ಸಣ್ಣ ಕನ್ನಡಿ ತುಂಡುಗಳನ್ನು ಬೇರೆ ಬೇರೆ ಓರೆಯಲ್ಲಿ ಜೋಡಿಸಿ ಸಮಾನಾಂತರ ಕಿರಣ ಬಿಟ್ಟರೆ ಒಂದೊಂದು ಒಂದೊಂದು ದಿಕ್ಕಿಗೆ ಹೋಗುತ್ತದೆ. ಯಾವುದಾದರೂ ಒಂದು ತುಂಡನ್ನು ದೊಡ್ಡದು ಮಾಡಿ ಕೋನ ಅಳೆಯಿರಿ, ಅಲ್ಲೂ ಎರಡು ಕೋನ ಸಮವೇ. ಒರಟು ಮೈಯಲ್ಲಿ ನಿಯಮ ನಡೆಯುವುದಿಲ್ಲ ಅಂತ ಎಷ್ಟೋ ಮಕ್ಕಳು ಬರೆಯುತ್ತಾರೆ, ಅದು ತಪ್ಪು. ಪ್ರತಿ ಕಿರಣವೂ ನಿಯಮ ಪಾಲಿಸುತ್ತದೆ, ಲಂಬಗಳು ಮಾತ್ರ ಒಂದೊಂದು ಕಡೆ ತಿರುಗಿರುತ್ತವೆ. ಟಾರ್ಚಿನಿಂದ ಇದನ್ನು ತೋರಿಸಲು ನನಗೆ ಇದುವರೆಗೆ ಆಗಿಲ್ಲ.

ವಿಜ್ಞಾನ ಟೀಚರ್

ಮಾಡಿ ಬಂದೆ, ಬರೆಯಲೇಬೇಕು ಅನಿಸಿತು.

ಮೊದಲ ದಿನ ಗುಂಡುಪಿನ್. ಕ್ಲಾಸಿನ ಮುಂದೆಯೇ ಆ ಹುಡುಗಿಗೆ "ನೀನು ಹೇಳಿದ್ದು ಸರಿ, ಕಂಪ್ಯೂಟರ್‌ಗೆ ಹೇಳಿಕೊಟ್ಟಿದ್ದಾರೆ, ಇವತ್ತು ಕನ್ನಡಿಯನ್ನೇ ಕೇಳೋಣ" ಅಂದೆ. ಅವಳ ಮುಖ ನೋಡಬೇಕಿತ್ತು. 40 ಡಿಗ್ರಿಗೆ ಇಟ್ಟವರ ಅಳತೆ ಬೋರ್ಡ್ ಮೇಲೆ ಬರೆಸಿದೆ, 38 ರಿಂದ 43 ರವರೆಗೆ ಬಂತು, ಜಾಸ್ತಿ ಮಕ್ಕಳದ್ದು 39 ರಿಂದ 41. ಗಾಜಿನ ದಪ್ಪದ ವಿಷಯ ಒಂದು ಗುಂಪು ತಾವಾಗೇ ಹಿಡಿದರು, ನಾನು ಹೇಳಿಕೊಡಲಿಲ್ಲ. ಮೇಷ್ಟ್ರು ಮೊದಲೇ ಹೇಳದಿದ್ದರೆ ನಾನೇ ಅಳಿಸಿ ಎಳೆಯಿರಿ ಅನ್ನುತ್ತಿದ್ದೆ.

ಎರಡನೇ ದಿನ ದಾರ ಹಿಡಿದು ಊಹೆ, ಕನ್ನಡಿ ತಿರುಗಿಸುವುದು, ಮಾರ್ಕರ್. ಅದಕ್ಕೇ ಪೀರಿಯಡ್ ಮುಗಿಯಿತು, ಒರಟು ಮೈಗೆ ಸಮಯ ಸಿಗಲಿಲ್ಲ, ಮುಂದಿನ ವಾರ ಮಾಡುತ್ತೇನೆ. ಅದೇ ಟೆಸ್ಟನ್ನು ಚಿತ್ರ ಬದಲಿಸಿ ಮತ್ತೆ ಕೊಟ್ಟೆ. ಓರೆ ಕನ್ನಡಿಗೆ ಲಂಬ ಈಗ ಬಹುತೇಕ ಎಲ್ಲರೂ ಸರಿ ಎಳೆದಿದ್ದಾರೆ. ಪ್ರತಿಬಿಂಬವನ್ನು ಕನ್ನಡಿಯ ಮೇಲೆ ಇಡುವವರು ಇನ್ನೂ ಆರು ಜನ ಇದ್ದಾರೆ, ಅವರನ್ನು ಕನ್ನಡಿಯ ಮುಂದೆ ಕೂರಿಸಿ ಪಿನ್ ಇಟ್ಟು ಇನ್ನೊಮ್ಮೆ ಮಾಡಿಸಬೇಕು.

ಕಂಪ್ಯೂಟರ್ ಕೋಣೆ ಸಿಕ್ಕ ದಿನ ಜಿಯೋಜೀಬ್ರಾ. ಆ ಹುಡುಗಿ 10 ಕ್ಕೆ ತಂದು ನಿಲ್ಲಿಸಿ, ಕೋನ ತೋರಿಸಿದಾಗ ಸುಮಾರು ಹೊತ್ತು ಸ್ಕ್ರೀನ್ ನೋಡುತ್ತಾ ಕೂತಳು. ಆಮೇಲೆ ಅವಳೇ ಬಿ ಯನ್ನು ಬೇರೆ ಬೇರೆ ಕಡೆ ಇಟ್ಟು ನಾಲ್ಕು ಸಲ ಮಾಡಿದಳು, ನಾನು ಹೇಳಿರಲಿಲ್ಲ. ಹೋಗುವಾಗ ಇನ್ನೊಂದು ಪ್ರಶ್ನೆ ಕೇಳಿದಳು. "ಮಿಸ್, ಬೆಳಕು ನೀರಿನೊಳಗೆ ಹೋಗುವಾಗ ಬಾಗುತ್ತದಲ್ಲ. ಹತ್ತಿರದ ದಾರಿಯೇ ಹಿಡಿಯುವುದಾದರೆ ಅದು ಸೀದಾ ಹೋಗಬೇಕಿತ್ತು, ಬಾಗಬಾರದಿತ್ತು ಅಲ್ವಾ?" ನಾಳೆ ಹೇಳುತ್ತೇನೆ ಅಂದಿದ್ದೇನೆ.

ಕೋಡ್ ಬರೆಯುವವನು

ಮೇಡಂ, ಅವಳಿಗೆ ನನ್ನ ನಮಸ್ಕಾರ ಹೇಳಿ. ಇದೇ ಪ್ರಶ್ನೆಗೆ ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಉತ್ತರ ಕೊಟ್ಟಿದ್ದು. ನೋಡಬೇಕಾದ್ದು ದೂರ ಅಲ್ಲ, ಸಮಯ. ನೀರಿನಲ್ಲಿ ಬೆಳಕು ನಿಧಾನ, ಗಾಳಿಯಲ್ಲಿ ಹೋಗುವ ವೇಗದ ಮುಕ್ಕಾಲು ಪಾಲು. ಅದೇ ಜಿಯೋಜೀಬ್ರಾ ಫೈಲಿನಲ್ಲಿ ಬಿ ಯನ್ನು ಅಕ್ಷದ ಕೆಳಗೆ (6, -6) ಕ್ಕೆ ಇಳಿಸಿ, ನೀರಿನೊಳಗಿನ ಉದ್ದವನ್ನು 1.33 ರಿಂದ ಗುಣಿಸಿ ಮೊತ್ತ ಮಾಡಲಿ. ಉತ್ತರ ನೀವು ಹೇಳಬೇಡಿ. ಪಿ ಯನ್ನು ಅವಳೇ ಎಳೆಯಲಿ.